ಹಿಂದುಹಿಂದಕ್ಕೆ ಮೂರು ಸುತ್ತು

ಆ ಊರಿನಲ್ಲಿ ಎಲೆ ಮಗುಚಿದವರು ಕೋಳಿಯಾಗಬೇಕಿತ್ತು.

ನಿಯಮ ಹೀಗಿತ್ತು. ಯಾವ ತಕರಾರು ಬಂದರೂ ಊರ ನಡುವಿನ ಕಲ್ಲುಕಟ್ಟೆಯ ಮೇಲೆ ಇಬ್ಬರು ಎದುರುಬದುರಾಗಿ ಕೂರುವರು. ಸೂರ್ಯ ಹುಟ್ಟುವಾಗ ಇಬ್ಬರ ಮುಂದೆಯೂ ಹುಣಸೆಬೀಜದ ಸಮನಾದ ರಾಶಿ. ಇಬ್ಬರೂ ನಡುವೆ ಒಂದೊಂದು ಬೀಜ ಇಟ್ಟ ಮೇಲೆ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಮುದುಕಿಯೊಬ್ಬಳು ಐದೈದು ಆಟದ ಎಲೆ ಹಂಚುವಳು. ಎಲೆಗಳ ಮೇಲೆ ಚಿತ್ರ: ಕೆಳಗೆ ಇರುವೆ, ಅದರ ಮೇಲೆ ಕಪ್ಪೆ, ಮೀನು, ಕಾಗೆ, ಕತ್ತೆ, ಕುದುರೆ, ಎಲ್ಲಕ್ಕೂ ಮೇಲೆ ಆನೆ. ಒಂದೇ ಚಿತ್ರ ಎರಡು ಬಂದರೆ ಜೋಡಿ. ಮೂರು ಬಂದರೆ ಜೋಡಿಗಿಂತ ಮೇಲು. ಐದೂ ಬೇರೆಬೇರೆ ಬಂದರೆ ಅದು ಏನೂ ಅಲ್ಲ. ಅವರವರ ಎಲೆ ಅವರವರ ಎದೆಗೆ. ಒಬ್ಬ ಬೀಜ ಇಡುವನು. ಇನ್ನೊಬ್ಬ ಅಷ್ಟೇ ಇಟ್ಟು ‘ತೋರು’ ಎನ್ನಬಹುದು, ಅದಕ್ಕಿಂತ ಹೆಚ್ಚು ಇಟ್ಟು ಎದುರಿನವನ ಧೈರ್ಯ ಕೇಳಬಹುದು, ಇಲ್ಲವೇ ತನ್ನ ಎಲೆಯನ್ನು ಮುಖ ಕೆಳಗಾಗಿ ಮಗುಚಿ ಅಷ್ಟಕ್ಕೇ ಬಿಟ್ಟುಕೊಡಬಹುದು. ಒಬ್ಬ ಮಗುಚಿದ ಮೇಲೆ ಇಬ್ಬರ ಎಲೆಯನ್ನೂ ಯಾರೂ ತೆರೆದು ನೋಡಕೂಡದು. ಸೂರ್ಯ ಮುಳುಗುವಾಗ ಯಾರ ರಾಶಿ ದೊಡ್ಡದೋ ಅವರದೇ ನ್ಯಾಯ.

ಮಗುಚುವುದಕ್ಕೆ ಅಡ್ಡಿಯೇನೂ ಇರಲಿಲ್ಲ. ಆದರೆ ಮಗುಚಿದವರು ಎದ್ದು, ಬಲಗೈಯನ್ನು ತಲೆಯ ಮೇಲೆ ಜುಟ್ಟಿನಂತೆ ನಿಲ್ಲಿಸಿ, ಕಟ್ಟೆಯ ಸುತ್ತ ಹಿಂದುಹಿಂದಕ್ಕೆ ಮೂರು ಸುತ್ತು ನಡೆಯಬೇಕು. ನಡೆಯುವಷ್ಟು ಹೊತ್ತೂ ಊರಿಗೆ ಊರೇ ‘ಕೊಕ್ಕೊಕ್ಕೋ’ ಎಂದು ಕೂಗಬೇಕು. ಮೂರು ಸುತ್ತು ಮುಗಿಯದೆ ಮುಂದಿನ ಎಲೆ ಹಂಚುವಂತಿಲ್ಲ.

ಹೀಗಾಗಿ ಆ ಊರಿನಲ್ಲಿ ಯಾರೂ ಮಗುಚುತ್ತಿರಲಿಲ್ಲ. ಕೈಯಲ್ಲಿ ಇರುವೆ ಹರಿದಾಡುತ್ತಿದ್ದರೂ, ಎದುರಿನ ಕೈಯಲ್ಲಿ ಆನೆಯ ಹಿಂಡಿದೆಯೆಂದು ಗೊತ್ತಿದ್ದರೂ, ಬೀಜದ ಮೇಲೆ ಬೀಜ ಇಟ್ಟು, ಕೊನೆಯವರೆಗೂ ಕೂತು, ಎದೆಯುಬ್ಬಿಸಿ ಸೋಲುತ್ತಿದ್ದರು. ಹಾಗೆ ಸೋತವರಿಗೆ ಊರು ಹಾರ ಹಾಕುತ್ತಿತ್ತು. ಹಾರ ಬಾಡುವ ಮೊದಲೇ, ಸೋತದ್ದನ್ನು ಊರ ಯಜಮಾನನ ಉಗ್ರಾಣಕ್ಕೆ ಹೊತ್ತು ಹಾಕುತ್ತಿತ್ತು. ಏಕೆಂದರೆ ತಕರಾರು ಎಲ್ಲಿ ಹುಟ್ಟಿದರೂ ಸುತ್ತಿ ಬಳಸಿ ಯಜಮಾನನ ಜೊತೆಗಿನ ತಕರಾರೇ ಆಗುತ್ತಿತ್ತು. ಮತ್ತು ಯಜಮಾನ ಯಾವಾಗಲೂ ಗೆಲ್ಲುತ್ತಿದ್ದ.

ಅಂಬಿಗ ಆಚೆಯ ದಡವನ್ನು ಸೋತಿದ್ದ. ಅಂದಿನಿಂದ ಅವನ ದೋಣಿ ನಡುನೀರಿನವರೆಗೆ ಹೋಗಿ, ಜನರಿಗೆ ನೀರು ತೋರಿಸಿ, ಹಿಂದಿರುಗುತ್ತಿತ್ತು. ಉಪಾಧ್ಯಾಯ ಏಳು ಎಂಬ ಸಂಖ್ಯೆಯನ್ನು ಸೋತಿದ್ದ. ಶಾಲೆಯ ಮಕ್ಕಳು ಆರಾದ ಮೇಲೆ ತುಸು ನಿಂತು, ಉಗುಳು ನುಂಗಿ, ಎಂಟು ಎನ್ನುತ್ತಿದ್ದರು. ಅಡುಗೆಯವಳು ಒಗ್ಗರಣೆಯ ಸದ್ದನ್ನು ಸೋತಿದ್ದಳು. ಅವಳ ಬಾಣಲೆಯಲ್ಲಿ ಸಾಸಿವೆ ಮೌನವಾಗಿ ಸಿಡಿಯುತ್ತಿತ್ತು. ಎಲೆಯಾಟವನ್ನು ಕುರಿತು ಸಾವಿರದೆಂಟು ಪದ್ಯಗಳ ಶಾಸ್ತ್ರ ಬರೆದಿದ್ದ ಪಂಡಿತ ತನ್ನ ಮನೆಯ ಬಾಗಿಲನ್ನೇ ಸೋತಿದ್ದ. ಬಾಗಿಲಿಲ್ಲದ ಮನೆಯನ್ನು ಅವನು ವೈರಾಗ್ಯ ಎಂದು ಕರೆಯುತ್ತಿದ್ದ. ಬೀದಿನಾಯಿಗಳು ಏನೆಂದು ಕರೆಯುತ್ತಿದ್ದವೋ ತಿಳಿಯದು. ಅವು ಅಲ್ಲಿ ಮಲಗುತ್ತಿದ್ದವು.

ಯಜಮಾನನಾದರೋ ಎಂದೂ ಎಲೆ ಮಗುಚಿದವನಲ್ಲ. ಅವನಿಗೆ ಆ ಅಗತ್ಯವೇ ಬಿದ್ದಿರಲಿಲ್ಲ, ಏಕೆಂದರೆ ಅವನು ಆಡುವ ದಿನ ದೇವರು ಆಕಳಿಸುತ್ತಿದ್ದ. ಕಟ್ಟೆಗೆ ಎದುರಾಗಿದ್ದ ಗುಡಿಯ ಗೋಪುರದಿಂದ ಗಂಟೆ ಒಮ್ಮೆ ಢಣ್ ಎಂದರೆ ದೇವರು ಆಕಳಿಸಿದನೆಂದು ಅರ್ಥ. ದೇವರ ಬಾಯಿ ತೆರೆದಿದ್ದಾಗ ನಡೆದದ್ದು ನಡೆದಂತಲ್ಲ. ಊರೆಲ್ಲ ಬಾಯಿಯ ಮುಂದೆ ಚಿಟಿಕೆ ಹೊಡೆಯುವುದು, ಆಡುವವರಿಬ್ಬರೂ ಎಲೆ ಹಿಂದಿರುಗಿಸುವುದು, ಬೀಜ ಅವರವರ ರಾಶಿಗೆ ಮರಳುವುದು, ಮುದುಕಿ ಹೊಸದಾಗಿ ಹಂಚುವುದು. ಉಳಿದವರ ಆಟದಲ್ಲಿ ದೇವರಿಗೆ ಏಕೆ ಆಕಳಿಕೆ ಬಾರದೆಂದು ಯಾರೋ ಕೇಳಿದ್ದಕ್ಕೆ ಪಂಡಿತ ಹನ್ನೆರಡು ಪದ್ಯಗಳಲ್ಲಿ ಉತ್ತರಿಸಿದ್ದ: ಯಜಮಾನರು ಕೂತಾಗ ದೇವರಿಗೆ ಊರಿನ ಚಿಂತೆಯಿಲ್ಲ, ಚಿಂತೆಯಿಲ್ಲದವನಿಗೆ ನಿದ್ದೆ ಬರುವುದು ಸಹಜ.

ಆ ಊರ ಹೊಳೆಯಲ್ಲಿ ಒಂದೇ ಒಂದು ಬಂಡೆಯಿತ್ತು. ಉಳಿದ ದಡವೆಲ್ಲ ಕೆಸರು. ಬಂಡೆಯ ಮೇಲೆ ಒಬ್ಬಳು ಊರಿನ ಬಟ್ಟೆ ಒಗೆಯುತ್ತಿದ್ದಳು. ಅವಳಿಗೆ ಮೊದಲು ಅವಳ ತಾಯಿ, ತಾಯಿಗೆ ಮೊದಲು ಅಜ್ಜಿ. ಅವರೆಲ್ಲರ ಕೈಯಲ್ಲಿ ಏಟು ತಿಂದು ತಿಂದು ಬಂಡೆ ಕನ್ನಡಿಯಂತೆ ನುಣುಪಾಗಿತ್ತು. ಒಂದು ಬೆಳಿಗ್ಗೆ ಯಜಮಾನ ಹೊಳೆಯ ಕಡೆ ಬಂದವನು ಒದ್ದೆ ಬಂಡೆಯಲ್ಲಿ ತನ್ನ ಮುಖ ಕಂಡು ನಿಂತುಬಿಟ್ಟ. ಪಂಡಿತನೂ ಜೊತೆಗಿದ್ದುದರಿಂದ ಅವನೂ ನಿಂತ.

“ನೋಡಿದಿರಾ ಪಂಡಿತರೇ, ನಾನು ಈಗಾಗಲೇ ಇದರೊಳಗಿದ್ದೀನಿ. ಹೊರಗೆ ತೆಗೆಯೋದೊಂದೇ ಬಾಕಿ” ಎಂದ ಯಜಮಾನ.

“ಶಿಲೆಗೆ ಪುಣ್ಯ ಬೇಕು” ಎಂದ ಪಂಡಿತ.

ಒಗೆಯುವವಳು ಸೆರಗಿನಿಂದ ಕೈ ಒರೆಸಿಕೊಂಡಳು. “ಪ್ರತಿಮೆ ಮಾಡಿಸ್ತೀರಾ ಯಜಮಾನರೇ? ಹಾಗಾದ್ರೆ ನಾನು ಬಟ್ಟೆ ಎಲ್ಲಿ ಒಗೀಲಿ?”

“ಒಗೆಯೋದು ಯಾತಕ್ಕಮ್ಮ? ಊರಲ್ಲಿ ನನ್ನ ಪ್ರತಿಮೆ ನಿಂತ ಮೇಲೆ ಜನ ಅದನ್ನ ನೋಡ್ತಾರೆ. ಒಬ್ಬರ ಬಟ್ಟೆ ಒಬ್ಬರು ನೋಡಲ್ಲ.”

“ನೋಡದಿದ್ರೂ ಮೂಗಿಗೆ ಗೊತ್ತಾಗುತ್ತೆ.”

“ಕಟ್ಟೆಗೆ ಬಾ, ಅಲ್ಲಿ ಮಾತಾಡು. ನೀನು ಸೋತರೆ ಬಂಡೆ ನನ್ನದು. ಗೆದ್ದರೆ ಏನು ಬೇಕೋ ಈಗಲೇ ಕೇಳು. ಕೇಳೋದು ನಿನ್ನ ಹಕ್ಕು.”

ಬಂಡೆ ಹೋದರೆ ಅವಳಿಗೆ ಈಚೆಯ ದಡದಲ್ಲಿ ಕೆಲಸವಿಲ್ಲ; ಆಚೆಯ ದಡ ಉಗ್ರಾಣದಲ್ಲಿದೆ. ಅವಳು ಬಂಡೆಯನ್ನು ನೋಡಿದಳು, ಯಜಮಾನನ ಜರಿಯಂಚಿನ ಶಲ್ಯವನ್ನು ನೋಡಿದಳು.

“ನಾನು ಗೆದ್ದರೆ ನಿಮ್ಮ ಬಟ್ಟೆ ನೀವೇ ಒಗೀಬೇಕು. ಇದೇ ಬಂಡೆ ಮೇಲೆ. ಒಂದು ವರ್ಷ.”

ಪಂಡಿತನಿಗೆ ಕೆಮ್ಮು ಬಂತು. ಯಜಮಾನ ಹೊಟ್ಟೆ ಹಿಡಿದುಕೊಂಡು ನಕ್ಕ. “ಆಗಲಿ ಬಿಡು. ಎಂಟನೇ ದಿನ ಕಟ್ಟೆಗೆ ಬಾ” ಎಂದ. ಏಳನ್ನು ಸೋತ ಊರಾದುದರಿಂದ ಅದು ನಿಜಕ್ಕೂ ಏಳನೆಯ ದಿನವೇ ಆಗಿತ್ತು.

ಅಂದು ಸಂಜೆ ಪಂಡಿತ ಗುಟ್ಟಾಗಿ ಅವಳ ಗುಡಿಸಲಿಗೆ ಬಂದ. ಒಳ್ಳೆಯವನೇ. ಅವಳು ಸೋಲುವುದು ಖಚಿತವಾದ್ದರಿಂದ, ಸೋಲು ಚೆನ್ನಾಗಿರಲಿ ಎಂಬುದು ಅವನ ಆಸೆ. “ಸಿಂಹದ ಹಾಗೆ ಆಡಬೇಕು. ಯಾವ ಎಲೆ ಬಂದರೂ ಎದೆ ತಗ್ಗಿಸಬಾರದು. ನೂರಾ ಮೂರನೆಯ ಪದ್ಯ” ಎಂದು ಹೇಳಿ, ಹಾಡಿಯೂ ತೋರಿಸಿ, ನಾಯಿಗಳಿಗೆ ತಡವಾಗುವುದೆಂದು ಹೊರಟುಹೋದ.

ಮರುದಿನ ಕೋಳಿಯಜ್ಜ ತನ್ನ ಒಂದು ಅಂಗಿಯನ್ನು ಹಿಂದಕ್ಕೆ ಪಡೆಯಲು ಹೊಳೆಗೆ ಬಂದ. ಕೋಳಿಯಜ್ಜನೆಂದರೆ, ಆ ಊರಿನಲ್ಲಿ ಎಲೆ ಮಗುಚಿದ ಒಬ್ಬನೇ ಒಬ್ಬ ಮನುಷ್ಯ. ಪ್ರಾಯದಲ್ಲಿ, ಈ ಯಜಮಾನನ ಕಾಲಕ್ಕೂ ಮೊದಲು, ತನ್ನ ಆಡಿಗಾಗಿ ಕಟ್ಟೆಯೇರಿ, ಕೆಟ್ಟ ಎಲೆ ಬಂದಾಗಲೆಲ್ಲ ಮಗುಚಿ, ಆಡನ್ನು ಉಳಿಸಿಕೊಂಡು ಬಂದಿದ್ದ. ಅಂದಿನಿಂದ ಅವನು ಬೀದಿಗೆ ಬಂದರೆ ಊರು ಕೊಕ್ಕೊಕ್ಕೋ ಎನ್ನುತ್ತಿತ್ತು. ಈಚೆಗೆ ಅದರಲ್ಲಿ ದ್ವೇಷವೂ ಇರಲಿಲ್ಲ, ನಮಸ್ಕಾರದ ಬದಲಿಗೆ ಹೇಳಿದಂತಿತ್ತು. ಅವನ ಮನೆಗೆ ಬಾಗಿಲಿತ್ತು. ಅವನ ಒಗ್ಗರಣೆಗೆ ಸದ್ದಿತ್ತು. ಆಡುಗಳು ಹನ್ನೆರಡಾಗಿದ್ದವು. ಇದನ್ನು ಊರಿನಲ್ಲಿ ಯಾರೂ ಗಮನಿಸಿರಲಿಲ್ಲ, ಏಕೆಂದರೆ ಕೋಳಿಯ ಮನೆಗೆ ಯಾರೂ ಹೋಗುತ್ತಿರಲಿಲ್ಲ.

“ಪಂಡಿತ ಬಂದಿದ್ದನಂತೆ?” ಎಂದ ಕೋಳಿಯಜ್ಜ.

“ಬಂದಿದ್ರು ಅಜ್ಜ. ಸಿಂಹದ ಹಾಗೆ ಆಡು ಅಂದ್ರು.”

“ಸಿಂಹ ದಿನವೆಲ್ಲ ಬಿದ್ದುಕೊಂಡಿರುತ್ತೆ ಮಗಳೇ. ಸಿಕ್ಕಿದ ಜಿಂಕೆಯ ಹಿಂದೆಲ್ಲ ಓಡಲ್ಲ. ಅದನ್ನ ಅವನು ಪದ್ಯದಲ್ಲಿ ಬರೆದಿಲ್ಲ, ಪ್ರಾಸ ಸಿಕ್ಕಿರಲಿಕ್ಕಿಲ್ಲ.” ಅವನು ಬಂಡೆಯ ಅಂಚಿಗೆ ಕೂತ. “ನಿನಗೆ ಯಾರು ಏನು ಬಟ್ಟೆ ಕೊಟ್ಟರೂ ತಂದು ಬಂಡೆಗೆ ಬಡೀತೀಯಾ?”

“ಇಲ್ಲಪ್ಪ. ಜಾಳುಜಾಳಾಗಿ ಹರಿದದ್ದನ್ನ ಅವರ ಮನೆ ಬಾಗಿಲಲ್ಲೇ ವಾಪಸು ಕೊಡ್ತೀನಿ. ತಂದು ಬಡಿದರೆ ನನ್ನ ಕೈಯಲ್ಲೇ ಚಿಂದಿಯಾಗಿ, ತಪ್ಪು ನನ್ನ ಮೇಲೇ ಬರುತ್ತೆ.”

“ಎಲೆಯೂ ಅಷ್ಟೇ. ಹತ್ತು ಸಲ ಹಂಚಿದರೆ ಎಂಟು ಸಲ ಹರಿದ ಬಟ್ಟೆಯೇ ಬರೋದು. ಬಾಗಿಲಲ್ಲೇ ವಾಪಸು ಕೊಡು.”

“ಕೊಟ್ಟರೆ ಕೋಳಿಯಾಗಬೇಕಲ್ಲ.”

“ಆಗು. ನಾನಾಗಿಲ್ವಾ? ಮೊಟ್ಟೆ ಇಡು ಅಂತ ಯಾರೂ ಕೇಳಲ್ಲ.”

ಹೀಗೆ ಅವಳ ಪಾಠ ಹಿಮ್ಮುಖ ಹೆಜ್ಜೆಯಿಂದ ಆರಂಭವಾಯಿತು. ಬೆಳಿಗ್ಗೆ ಬಟ್ಟೆ ಹರವಿದ ಮೇಲೆ ಅವಳು ತಲೆಯ ಮೇಲೆ ಕೈ ನಿಲ್ಲಿಸಿ ತನ್ನ ಕತ್ತೆಯ ಸುತ್ತ ಹಿಂದುಹಿಂದಕ್ಕೆ ನಡೆದಳು. ಕೋಳಿಯಜ್ಜ ನೆರಳಲ್ಲಿ ಕೂತು ಕೊಕ್ಕೊಕ್ಕೋ ಎಂದ. ಮೊದಲ ದಿನ ಅವಳ ಕಣ್ಣಲ್ಲಿ ನೀರು ಬಂತು. ಎರಡನೆಯ ದಿನ ನಾಚಿಕೆ ಬಂತು. ಮೂರನೆಯ ದಿನ ಎಡವಿ ಕತ್ತೆಯ ಮೇಲೆ ಬಿದ್ದಳು, ಕತ್ತೆ ಅರಚಿತು, ಅವಳಿಗೆ ನಗು ಬಂತು. ನಗು ಬಂದದ್ದೇ ಕೋಳಿಯಜ್ಜ, “ಸಾಕು, ಇನ್ನು ಎಲೆ ಹಿಡಿಯೋದು ಕಲಿ” ಎಂದ.

ಅವನು ಹೆಚ್ಚು ಮಾತಿನವನಲ್ಲ. ಕಟ್ಟೆಯ ಮೇಲೆ ಮೊದಲು ಬೀಜ ಇಡುವುದನ್ನು ಊರು ದೊಡ್ಡ ಮರ್ಯಾದೆ ಎಂದು ತಿಳಿದಿದೆ, ಆ ಮರ್ಯಾದೆಯನ್ನು ಕೈಮುಗಿದು ಯಜಮಾನನಿಗೇ ಬಿಡು, ಕೊನೆಗೆ ಮಾತಾಡುವವಳಿಗೆ ಮೊದಲು ಮಾತಾಡಿದವನ ಮಾತು ಕೇಳಿರುತ್ತದೆ ಎಂದ. ಇನ್ನೊಂದು ದಿನ ಕೇಳಿದ:

“ರೇಷ್ಮೆಯನ್ನ ಕುದಿಯೋ ನೀರಿಗೆ ಅದ್ದುತ್ತೀಯಾ?”

“ಅದ್ದಿದ್ರೆ ಮುಗೀತು.”

“ನಿನ್ನ ತಲೆ ಕುದಿಯುವಾಗಲೂ ಎಲೆ ಮುಟ್ಟಬೇಡ. ಒಂದು ಲೋಟ ನೀರು ಕುಡಿ. ಆಮೇಲೂ ಕುದೀತಿದ್ರೆ ಇನ್ನೊಂದು ಲೋಟ.”

“ಸುಳ್ಳು ಯಾವಾಗ ಹೇಳಬೇಕು ಅಜ್ಜ? ಕೈಯಲ್ಲಿ ಏನೂ ಇಲ್ಲದೆ ಇದ್ದ ಹಾಗೆ ಬೀಜ ಇಡೋದು?”

“ಬಿಳಿ ಬಟ್ಟೆಗೆ ನೀಲಿ ಹಾಕ್ತೀಯಲ್ಲ, ಎಷ್ಟು ಹಾಕ್ತೀ?”

“ಒಂದು ಬಾನಿ ನೀರಿಗೆ ಒಂದು ಚಿಟಿಕೆ.”

“ಜಾಸ್ತಿಯಾದರೆ?”

“ತೊಟ್ಟವನು ಹೆಣದ ಹಾಗೆ ಕಾಣ್ತಾನೆ.”

“ಸುಳ್ಳಿಗೂ ಅದೇ ಅಳತೆ. ದಿನಕ್ಕೆ ಒಂದು ಚಿಟಿಕೆ. ಅದೂ ಬಟ್ಟೆ ಮೊದಲು ನಿಜವಾಗಿ ಬೆಳ್ಳಗಾಗಿರಬೇಕು. ಕೊಳಕು ಬಟ್ಟೆಗೆ ನೀಲಿ ಹಾಕಿದರೆ ಕೊಳಕೇ ಎದ್ದು ಕಾಣೋದು.”

ಅವಳು ತಲೆದೂಗಿದಳು. ಆಮೇಲೆ ಬಹಳ ದಿನದಿಂದ ಮನಸ್ಸಿನಲ್ಲಿದ್ದುದನ್ನು ಹೇಳಿದಳು. ಯಜಮಾನನ ಶಲ್ಯ ಪ್ರತಿ ಆಟದ ಮರುದಿನ ಅವಳ ಬಳಿಗೆ ಬರುತ್ತದೆ. ಎಡಗಡೆಯ ಅಂಚು ಮಾತ್ರ ಯಾರೋ ಹಿಂಡಿದಂತೆ ಮುದುಡಿರುತ್ತದೆ, ಮುದುಡಿದ ಕಡೆಯಲ್ಲೆಲ್ಲ ತಾಂಬೂಲದ ಕೆಂಪು ಹತ್ತಿದ ಹೆಬ್ಬೆರಳಿನ ಗುರುತು. ಕೆಲವು ಸಲ ಎರಡು ಗುರುತು, ಕೆಲವು ಸಲ ಐದು. ಉಜ್ಜಿ ಉಜ್ಜಿ ಅವಳ ಉಗುರು ಸವೆದಿದೆ.

ಕೋಳಿಯಜ್ಜ ಕೈಯಲ್ಲಿದ್ದ ಒಗೆದ ಅಂಗಿಯನ್ನು ಕೆಳಗಿಟ್ಟ. “ಹೋದ ಸಲ, ಅಡುಗೆಯವಳು ಸೋತ ದಿನ, ಎಷ್ಟಿತ್ತು?”

“ನಾಲ್ಕು.”

“ಅವತ್ತು ದೇವರು ನಾಲ್ಕು ಸಲ ಆಕಳಿಸಿದ.”

ಇಬ್ಬರಿಗೂ ಒಮ್ಮೆಗೇ ಗೊತ್ತಾಯಿತು. ಕೆಟ್ಟ ಎಲೆ ಬಂದರೆ ಯಜಮಾನ ಅಂಚು ಹಿಂಡುತ್ತಾನೆ. ಗೋಪುರದ ಮೇಲಿನ ಗಂಟೆಯವನು ಅಂಚನ್ನು ನೋಡಿ ಹಗ್ಗ ಎಳೆಯುತ್ತಾನೆ. ಊರು ಚಿಟಿಕೆ ಹೊಡೆಯುತ್ತದೆ. ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಸಲ ಎಲೆ ಮಗುಚಿದವನು ಯಜಮಾನನೇ. ತನ್ನ ಪಾಲಿನ ಕೋಳಿಯ ಕೂಗನ್ನು ದೇವರ ಬಾಯಿಯಿಂದ ಹಾಡಿಸುತ್ತಿದ್ದ, ಅಷ್ಟೇ.

“ದೇವರಿಗೆ ಗೊತ್ತಿರುತ್ತಾ ಅಜ್ಜ?”

“ಪಾಪ, ಅವನಿಗೆ ನಿದ್ದೆಯೇ ಬಂದಿರಲಿಕ್ಕಿಲ್ಲ.” ಕೋಳಿಯಜ್ಜ ಎದ್ದು ಅಂಗಿ ತೊಟ್ಟುಕೊಂಡ. ಗುಂಡಿ ಹಾಕುತ್ತ, “ಗಂಟೆಯವನ ಮಡಿ ಪಂಚೆ ಒಗೆದು ಕೊಡೋದು ಯಾರು?” ಎಂದ.

“ನಾನೇ. ಬೆಳಿಗ್ಗೆ ಒಂದು, ಊಟವಾದ ಮೇಲೆ ಒಂದು.” ಮಡಿಯುಡದೆ ಮುಟ್ಟಿದರೆ ಗಂಟೆಯ ಹಗ್ಗ ಹಾವಾಗುವುದೆಂದು ಊರು ನಂಬಿತ್ತು, ಗಂಟೆಯವನು ಎಲ್ಲರಿಗಿಂತ ಗಟ್ಟಿಯಾಗಿ ನಂಬಿದ್ದ.

ಕೋಳಿಯಜ್ಜ ತಲೆಯಾಡಿಸಿ ತನ್ನ ಆಡುಗಳ ಕಡೆ ಹೊರಟ. ಅವಳು ಬಾನಿಗೆ ಒಂದು ಚಿಟಿಕೆ ನೀಲಿ ಹಾಕಿದಳು.

ಎಂಟನೆಯದೆಂದು ಕರೆಯಲಾಗುವ ಏಳನೆಯ ದಿನ ಸೂರ್ಯ ಹುಟ್ಟಿದ. ಊರು ಕಟ್ಟೆಯ ಸುತ್ತ ನೆರೆದಿತ್ತು. ಪಂಡಿತ ಹಾರ ತಂದಿದ್ದ. “ಯಜಮಾನರೇ, ಮೊದಲ ಮಾತು ನಿಮ್ಮದು, ದಿನವಿಡೀ ನಿಮ್ಮದೇ ಇರಲಿ” ಎಂದು ಒಗೆಯುವವಳು ಕೈಮುಗಿದಳು. ಯಜಮಾನ ಮೀಸೆ ತಿರುವಿ, “ಮರ್ಯಾದೆ ಕಲಿತಿದ್ದಾಳೆ” ಎಂದ.

ಎಲೆ ಹಂಚಿದರು. ಅವಳಿಗೆ ಹರಿದ ಬಟ್ಟೆ ಬಂತು. ಯಜಮಾನ ಬೀಜ ಇಟ್ಟ. ಅವಳು ಎಲೆ ಮಗುಚಿದಳು.

ಅವಳು ಎದ್ದು, ತಲೆಯ ಮೇಲೆ ಕೈ ನಿಲ್ಲಿಸಿ, ಹಿಂದುಹಿಂದಕ್ಕೆ ಹೆಜ್ಜೆ ಇಟ್ಟಳು. ಆಗ ಎದ್ದಿತು ಕೂಗು. ನಲವತ್ತು ವರ್ಷ ಒಬ್ಬನೇ ಮುದುಕನ ಮೇಲೆ ಖರ್ಚಾಗುತ್ತಿದ್ದ ಕೊಕ್ಕೊಕ್ಕೋ ಎಲ್ಲ ಒಮ್ಮೆಗೇ ಹೊರಬಂತು. ಪಂಡಿತ ಹಾರವನ್ನು ಬೆನ್ನ ಹಿಂದೆ ಮರೆಮಾಡಿದ. ಅವಳು ಮೂರು ಸುತ್ತು ಮುಗಿಸಿ ಕೂತಳು. ಮತ್ತೆ ಹಂಚಿದರು. ಮತ್ತೆ ಹರಿದ ಬಟ್ಟೆ. ಮತ್ತೆ ಮಗುಚಿದಳು, ಮತ್ತೆ ನಡೆದಳು.

ಐದನೆಯ ಸಲಕ್ಕೆ ಊರಿನ ಕೂಗು ಸಡಿಲವಾಯಿತು. ಎಂಟನೆಯ ಸಲಕ್ಕೆ ಗಂಟಲು ಕಟ್ಟಿದವರು ನೀರಿಗೆ ಹೋದರು. ಹತ್ತನೆಯ ಸಲ ಜನ ಕೂತಲ್ಲೇ, ಬೇರೆ ಮಾತಿನ ನಡುವೆ, ಸೊಳ್ಳೆ ಓಡಿಸಿದಷ್ಟು ಆಸಕ್ತಿಯಿಂದ ಕೊಕ್ಕೊಕ್ಕೋ ಎಂದರು. ಅಡುಗೆಯವಳು ಪಕ್ಕದವಳಿಗೆ, “ಅಲ್ಲ ಕಣೇ, ಇಷ್ಟು ಸಲ ಕೋಳಿಯಾದಳು, ಬೀಜದ ರಾಶಿ ಮಾತ್ರ ಹೆಚ್ಚುಕಡಿಮೆ ಹಾಗೇ ಇದೆಯಲ್ಲ” ಎಂದಳು. “ಶ್, ಸುಮ್ಮನಿರು, ಮೂರನೇ ಸುತ್ತು, ಕೂಗು” ಎಂದಳು ಪಕ್ಕದವಳು.

ಯಜಮಾನನಿಗೆ ಮಾತ್ರ ಎಂದೂ ಆಗದ ಒಂದು ಸಂಕಟ ಆರಂಭವಾಗಿತ್ತು. ಅವನಿಗೆ ಮೂರು ಕುದುರೆ ಬಂದವು, ಒಂದು ಹಿಡಿ ಬೀಜ ಇಟ್ಟ, ಅವಳು ಮಗುಚಿದಳು. ಅವನ ಮೂರು ಕುದುರೆಗಳಿಗೆ ಒಂದೇ ಬೀಜದ ಮೇವು ಸಿಕ್ಕಿತು. ಇಷ್ಟು ವರ್ಷ ಅವನ ಒಳ್ಳೆಯ ಎಲೆಗಳನ್ನು ಸಾಕಿದ್ದು ಎದುರಿನವರ ಮಾನ. ಈಗ ಎದುರಿಗೆ ಮಾನವೇ ಇಲ್ಲದ ಹೆಂಗಸು ಕೂತಿದ್ದಳು. ಕೆಟ್ಟ ಎಲೆ ಬಂದಾಗ ಅವನು ಅಂಚು ಹಿಂಡಿದ, ಗಂಟೆ ಢಣ್ ಎಂದಿತು, ಊರು ಚಿಟಿಕೆ ಹೊಡೆಯಿತು. ಒಂದು ಸಲ ಗಂಟೆ ಹೊಡೆದಾಗ ಅವಳ ಕೈಯಲ್ಲಿ ಎರಡು ಆನೆಗಳಿದ್ದವು. ಅವುಗಳನ್ನು ಹಿಂದಿರುಗಿಸುವಾಗ ಅವಳ ಕಿವಿ ಬಿಸಿಯಾಯಿತು. ಮುದುಕಿ ಹೊಸ ಎಲೆ ಹಂಚಿದಳು; ಒಗೆಯುವವಳು ಮುಟ್ಟಲಿಲ್ಲ. ಒಂದು ಲೋಟ ನೀರು ಕುಡಿದಳು. ಇನ್ನೊಂದು ಲೋಟ ಕುಡಿದಳು. “ಆಟವಾಡೋಕೆ ಬಂದಿದ್ದೀಯೋ ಹೊಳೆ ಖಾಲಿ ಮಾಡೋಕೋ?” ಎಂದ ಯಜಮಾನ. “ಎರಡೂ ನಿಧಾನವಾಗಿ ಯಜಮಾನರೇ” ಎಂದಳು.

ಸೂರ್ಯ ನೆತ್ತಿಗೆ ಬರುವ ಮೊದಲು ಅವಳಿಗೆ ಮೂರು ಆನೆ ಬಂದವು. ಯಜಮಾನ ಮೂರು ಬೀಜ ಇಟ್ಟ. ಅವಳು ಮಗುಚಲಿಲ್ಲ, ಆರು ಇಟ್ಟಳು. ಬೆಳಗಿನಿಂದ ಹಸಿದಿದ್ದ ಯಜಮಾನ ಸಂತೋಷದಿಂದ ಹನ್ನೆರಡು ಮಾಡಿದ. ಅವಳು ಅಷ್ಟೇ ಇಟ್ಟು, “ತೋರಿ” ಎಂದಳು. ಅವನದು ಎರಡು ಕುದುರೆ. ಅವಳು ಮೂರು ಆನೆಗಳನ್ನು ಒಂದೊಂದಾಗಿ ಕಟ್ಟೆಯ ಮೇಲೆ ಮಲಗಿಸಿದಳು. ಊರಿಗೆ ಏನು ಕೂಗಬೇಕೆಂದು ತೋಚಲಿಲ್ಲ. ಇಂಥದಕ್ಕೆ ಪದ್ಧತಿಯಿರಲಿಲ್ಲ.

ಊಟಕ್ಕೆ ಎದ್ದರು. ಇಬ್ಬರ ರಾಶಿಯೂ ಈಗ ಹೆಚ್ಚುಕಡಿಮೆ ಸಮವಾಗಿತ್ತು.

ಗಂಟೆಯವನು ಉಂಡು, ಮತ್ತೆ ಮಿಂದು, ಮಡಿಯಲ್ಲದ ಹಳೆಯ ಚೌಕ ಸುತ್ತಿಕೊಂಡು, ಗೋಪುರದ ಬುಡದಲ್ಲಿ ದಿನದಂತೆ ಇಟ್ಟಿದ್ದ ಮಡಿಗಂಟನ್ನು ಕಂಕುಳಲ್ಲಿಟ್ಟುಕೊಂಡು ನೂರೆಂಟು ಮೆಟ್ಟಿಲು ಹತ್ತಿದ. ಮೇಲೆ ಗಂಟು ಬಿಚ್ಚಿದ. ಅದರಲ್ಲಿದ್ದುದು ತಲೆದಿಂಬಿನ ಚೀಲ. ಚೆನ್ನಾಗಿ ಒಗೆದು, ನೀಲಿ ಹಾಕಿ, ಮಡಿಸಿಟ್ಟ ಚೀಲ, ಯಜಮಾನನದೇ. ಗಂಟೆಯವನು ಅದರೊಳಗೆ ಒಂದು ಕಾಲು ತೂರಿಸಿದ. ಎರಡನೆಯ ಕಾಲೂ ತೂರಿಸಿದ. ಮಂಡಿಯಿಂದ ಮೇಲೆ ಚೀಲ ಬರಲೊಪ್ಪಲಿಲ್ಲ. ಕೆಳಗೆ ಕೂಗಿ ಪಂಚೆ ಕೇಳುವಂತಿಲ್ಲ. ಈಗಲೇ ಗಂಟೆಗೇನು ಅವಸರ ಎಂದು ಯಾರಾದರೂ ಕೇಳಿಬಿಟ್ಟರೆ? ಅವನು ಚೀಲದೊಳಗೆ ಎರಡು ಕಾಲಿಟ್ಟುಕೊಂಡು, ಹಗ್ಗದಿಂದ ದೂರ ಸರಿದು, ಗೋಡೆಗೊರಗಿ ಕೂತ.

ಕೆಳಗೆ ಆಟ ಸಾಗಿತು. ಯಜಮಾನನಿಗೆ ಸಾಲಾಗಿ ಒಳ್ಳೆಯ ಎಲೆಗಳೇ ಬಂದು, ಅಂಚು ಹಿಂಡುವ ಅಗತ್ಯ ಬೀಳಲಿಲ್ಲ. ಅವಳು ಮಗುಚಿದಳು, ನಡೆದಳು. ಹತ್ತೊಂಬತ್ತನೆಯ ನಡಿಗೆ ಮುಗಿಸಿ ಕೂರುವ ಹೊತ್ತಿಗೆ ಸೂರ್ಯ ಹೊಳೆಯ ಮೇಲೆ ಎರಡು ಗೇಣು ಎತ್ತರದಲ್ಲಿದ್ದ. ಕೂಗಿದವರು ಇಬ್ಬರೇ, ಅವರಲ್ಲಿ ಒಬ್ಬ ನಿದ್ದೆಗಣ್ಣಿನಲ್ಲಿದ್ದ. ಯಜಮಾನನ ತಾಳ್ಮೆ ಬತ್ತಿತ್ತು. ಎಲೆ ಹಂಚಿದ ಕೂಡಲೇ, ಅವುಗಳನ್ನು ಎತ್ತಿ ನೋಡದೆಯೇ, “ಇದಕ್ಕೂ ಕೋಳಿಯಾಗು” ಎಂದು ಎರಡು ಹಿಡಿ ಬೀಜವನ್ನು ನಡುವೆ ಸುರಿದ. ಆಮೇಲೆ ಎಲೆ ಎತ್ತಿದ.

ಅವಳ ಕೈಯಲ್ಲಿ ಇರುವೆ, ಕಪ್ಪೆ, ಮೀನು, ಕಾಗೆ, ಕತ್ತೆ. ಐದೂ ಬೇರೆಬೇರೆ. ಇದಕ್ಕಿಂತ ಹರಿದ ಬಟ್ಟೆ ಅಂದು ಇಡೀ ದಿನ ಬಂದಿರಲಿಲ್ಲ. ಬಾಗಿಲಲ್ಲೇ ಹಿಂದಕ್ಕೆ ಕೊಡಬೇಕಾದದ್ದು. ಅವಳ ಬೆರಳು ಮಗುಚಲು ಹೊರಟಿತ್ತು. ಆಗ ಯಜಮಾನನ ಎಡಗೈಯ ಹೆಬ್ಬೆರಳು ಶಲ್ಯದ ಅಂಚನ್ನು ಹಿಂಡಿತು.

ಗೋಪುರ ಸುಮ್ಮನಿತ್ತು.

ಹೆಬ್ಬೆರಳು ಮತ್ತೊಮ್ಮೆ ಹಿಂಡಿತು. ಯಜಮಾನ ಕತ್ತೆತ್ತಿ ನೋಡಿದ. ಗೋಪುರದ ಕಿಂಡಿಯಲ್ಲಿ ಒಂದು ಬೋಳುತಲೆ ಕಾಣಿಸಿಕೊಂಡು, ಅಲ್ಲಾಡಿ, ಮರೆಯಾಯಿತು.

ಒಗೆಯುವವಳು ಎರಡು ಹಿಡಿ ಬೀಜ ಎಣಿಸಿ ನಡುವೆ ಇಟ್ಟಳು. ಆಮೇಲೆ, ಬಟ್ಟೆಯ ರಾಶಿಯನ್ನು ಬಾನಿಗೆ ತಳ್ಳುವಂತೆ, ಎರಡೂ ತೋಳಿನಿಂದ ತನ್ನ ರಾಶಿಯೆಲ್ಲವನ್ನೂ ಮುಂದಕ್ಕೆ ತಳ್ಳಿದಳು. ಅವಳ ಬಂಡೆ, ಅವಳ ಕತ್ತೆ, ಅವಳ ಈಚೆಯ ದಡ ಎಲ್ಲ ಆ ಬೀಜಗಳ ನಡುವೆ ಕೂತಿದ್ದವು. ಅವಳು ಕೈಯನ್ನು ಮಡಿಲಲ್ಲಿಟ್ಟುಕೊಂಡು, ಹಿಂದಿನ ದಿನ ಒಣಗಹಾಕಿದ ಬಟ್ಟೆಗಳನ್ನು ಮನಸ್ಸಿನಲ್ಲಿ ಮಡಿಸತೊಡಗಿದಳು: ಉಪಾಧ್ಯಾಯರ ಎರಡು ಅಂಗಿ, ಅಂಬಿಗನ ಒಂದು ಚಲ್ಲಣ.

ನಿದ್ದೆಯಲ್ಲಿದ್ದವರು ಎದ್ದು ಕೂತರು.

ಯಜಮಾನ ಅವಳ ಮುಖ ನೋಡಿದ. ಅಲ್ಲಿ ಮಡಿಸಿದ ಬಟ್ಟೆಯ ಹೊರತು ಏನೂ ಇರಲಿಲ್ಲ. ಕೆಟ್ಟ ಎಲೆ ಬಂದಾಗಲೆಲ್ಲ ಹತ್ತೊಂಬತ್ತು ಸಲ ಊರಿನೆದುರು ಕೋಳಿಯಾದವಳು. ಕೂತದ್ದು ಒಂದೇ ಸಲ. ಆಗ ಮೂರು ಆನೆ. ಕೋಳಿಯಾಗಲು ಇಷ್ಟೂ ಅಂಜದವಳು ಇಪ್ಪತ್ತನೆಯ ಸಲ ಸುಮ್ಮನೆ ಏಕೆ ಕೂರುತ್ತಾಳೆ? ಮೂರನೆಯ ಸಲ ಅಂಚು ಹಿಂಡಿದ. ದೇವರು ಪೂರ್ತಿ ಎಚ್ಚರವಾಗಿದ್ದ.

ಯಜಮಾನ ಎಲೆ ಮಗುಚಿದ.

ಹೋದದ್ದು ಎರಡೇ ಹಿಡಿ ಬೀಜ. ಇನ್ನೂ ಹೊತ್ತಿತ್ತು. ಎದ್ದು ಮೂರು ಸುತ್ತು ನಡೆದುಬಿಟ್ಟಿದ್ದರೆ ಇನ್ನು ಹತ್ತು ಸಲ ಎಲೆ ಹಂಚಬಹುದಿತ್ತು. ಒಂದು ಒಳ್ಳೆಯ ಜೋಡಿ ಬಂದಿದ್ದರೂ ಎಲ್ಲ ಮರಳುತ್ತಿತ್ತು. ಕಣ್ಣು ಕಟ್ಟಿದ ಮುದುಕಿ ಎಲೆಗಳನ್ನು ಕಲಸಿ, “ನಡೆದಾಯ್ತಾ?” ಎಂದಳು.

ಊರಿನ ಬಾಯಿಗಳೆಲ್ಲ ಕೊಕ್ಕೊಕ್ಕೋ ಎನ್ನಲು ಅರ್ಧ ತೆರೆದು, ಹಾಗೆಯೇ ನಿಂತಿದ್ದವು. ಯಜಮಾನ ಎದ್ದ. ಬಲಗೈಯನ್ನು ಎತ್ತಿದ, ಅದು ಕಿವಿಯವರೆಗೆ ಬಂದು ಪೇಟವನ್ನು ಸರಿಪಡಿಸುವಂತೆ ನಟಿಸಿತು. ಒಂದು ಹೆಜ್ಜೆ ಹಿಂದಕ್ಕೆ ಇಟ್ಟ.

ಕಟ್ಟೆಯ ಕೆಳಗಿನ ಪೊಟರೆಯಲ್ಲಿ, ಊರಿನ ನ್ಯಾಯಪದ್ಧತಿಯ ಅರಿವಿಲ್ಲದ ಹೇಂಟೆಯೊಂದು ಆಗಷ್ಟೇ ಮೊಟ್ಟೆಯಿಟ್ಟಿತು. ಇಟ್ಟಮೇಲೆ ಹೇಳಬೇಕಾದುದನ್ನು ಹೇಳಿತು.

ಮೊದಲು ನಕ್ಕವಳು ಅಡುಗೆಯವಳು. ಅವಳ ನಗುವಿನಲ್ಲಿ ಸಾಸಿವೆ ಸಿಡಿದ ಸದ್ದಿತ್ತು. ಆಮೇಲೆ ಯಾರು ನಕ್ಕರು, ಯಾರು ನಗಲಿಲ್ಲ ಎಂದು ಹೇಳುವಂತಿರಲಿಲ್ಲ. ಯಜಮಾನ ಕೂತುಬಿಟ್ಟ.

“ಎದ್ದೇಳಿ ಯಜಮಾನರೇ. ಮೂರೇ ಸುತ್ತು. ಮೊದಲನೇ ಸುತ್ತು ಮಾತ್ರ ಕಷ್ಟ, ಆಮೇಲೆ ಕಾಲಿಗೆ ದಾರಿ ಗೊತ್ತಾಗುತ್ತೆ” ಎಂದಳು ಒಗೆಯುವವಳು. ಅವಳ ಮಾತಿನಲ್ಲಿ ಕೊಂಕಿರಲಿಲ್ಲ. “ಬೇಕಾದ್ರೆ ನಾನೂ ಜೊತೆಗೆ ನಡೀತೀನಿ.”

ಯಜಮಾನ ಏಳಲಿಲ್ಲ. ಕೋಳಿಯಜ್ಜ ಗುಂಪಿನ ಹಿಂದಿನಿಂದ, “ನಡೆದುಬಿಡಪ್ಪ, ಹೊತ್ತು ಹೋಗ್ತಿದೆ, ನಿನ್ನ ಆಟ ಇನ್ನೂ ಮುಗಿದಿಲ್ಲ” ಎಂದ. ಅದು ಅಂದು ಯಜಮಾನನಿಗೆ ಸಿಕ್ಕಿದ ಅತ್ಯುತ್ತಮ ಸಲಹೆಯಾಗಿತ್ತು. ಹೇಳಿದವನು ಕೋಳಿಯಾದ್ದರಿಂದ ಅವನಿಗೆ ಕೇಳಿಸಲಿಲ್ಲ. ಸೂರ್ಯ ಒಂದು ಗೇಣಿಗಿಳಿದ. ನಾಲ್ಕು ಬೆರಳಿಗಿಳಿದ. ಇಡೀ ಊರು ಒಬ್ಬ ಮನುಷ್ಯ ಕೂತಿರುವುದನ್ನು ನೋಡುತ್ತ ಕೂತಿತು. ಸೂರ್ಯ ಹೊಳೆಯಲ್ಲಿ ಮುಳುಗಿದ. ಯಾರ ರಾಶಿ ದೊಡ್ಡದೆಂದು ಕಣ್ಣು ಕಟ್ಟಿದ ಮುದುಕಿಯೂ ಕೈಯಾಡಿಸಿ ಹೇಳಬಹುದಿತ್ತು.

ಪಂಡಿತ ಹಾರ ಹಿಡಿದು ಇಬ್ಬರನ್ನೂ ನೋಡಿದ. ಕೊನೆಗೆ ಅದನ್ನು ಹೇಂಟೆಯ ಪೊಟರೆಯ ಮುಂದಿಟ್ಟು ಮನೆಗೆ ಹೋದ.

ಅಂದಿನಿಂದ ಊರಿನಲ್ಲಿ ಎಲೆ ಮಗುಚುವುದು ಹೆಚ್ಚಾಯಿತು. ಹಿಂದುಹಿಂದಕ್ಕೆ ನಡೆಯುವ ಪದ್ಧತಿಯನ್ನು ಯಾರೂ ತೆಗೆದುಹಾಕಲಿಲ್ಲ, ನಡೆದರು, ಅಷ್ಟೇ. ಅಂಬಿಗ ಇಪ್ಪತ್ತಾರು ಸಲ ಕೋಳಿಯಾಗಿ ಆಚೆಯ ದಡವನ್ನು ಗೆದ್ದುಕೊಂಡ. ಉಪಾಧ್ಯಾಯ ಏಳನ್ನು ಬಿಡಿಸಿಕೊಂಡ. ಮೊದಲ ದಿನ ಮಕ್ಕಳು ಅದನ್ನು ಎರಡೆರಡು ಸಲ ಹೇಳಿದರು. ಗೋಪುರದ ಗಂಟೆ ಪೂಜೆಯ ಹೊತ್ತಿಗೆ ಮಾತ್ರ ಹೊಡೆಯತೊಡಗಿತು.

ಆದರೆ ಎಲ್ಲರಿಗೂ ಒಂದೇ ಪ್ರಶ್ನೆ ಉಳಿದಿತ್ತು. ಮಗುಚಿದ ಎಲೆಯನ್ನು ತೆರೆಯುವಂತಿಲ್ಲ, ಕೇಳುವುದಕ್ಕೆ ಅಡ್ಡಿಯಿಲ್ಲ. ಇಪ್ಪತ್ತನೆಯ ಸಲ ಅವಳ ಕೈಯಲ್ಲಿ ಏನಿತ್ತು? ಒಗೆಯುವವಳು ಕೇಳಿದವರಿಗೆಲ್ಲ ಇದ್ದುದನ್ನು ಇದ್ದಂತೆಯೇ ಹೇಳಿದಳು. “ಇರುವೆ, ಕಪ್ಪೆ, ಮೀನು, ಕಾಗೆ, ಕತ್ತೆ.” ಯಾರೂ ನಂಬಲಿಲ್ಲ. ಅಂಬಿಗ ಕಣ್ಣು ಮಿಟುಕಿಸಿ ಹೋದ. ಪಂಡಿತ ನಾಲ್ಕು ಆನೆ ಎಂದು ನಿರ್ಧರಿಸಿ ಸಾವಿರದೊಂಬತ್ತನೆಯ ಪದ್ಯ ಬರೆದ. ಗುಟ್ಟನ್ನು ಇಡಲು ನಿಜದಷ್ಟು ಭದ್ರವಾದ ಜಾಗ ಬೇರೆ ಇಲ್ಲವೆಂದು ಅವಳಿಗೆ ಆಗ ತಿಳಿಯಿತು. ಕೋಳಿಯಜ್ಜ ಮಾತ್ರ ಎಂದೂ ಕೇಳಲಿಲ್ಲ.

ಯಜಮಾನ ದಿನವೂ ಬೆಳಿಗ್ಗೆ ಹೊಳೆಗೆ ಬರುತ್ತಿದ್ದ. ಮೊದಲ ತಿಂಗಳು ಸಿಟ್ಟಿನಿಂದ ಬಡಿದು ಎರಡು ಪಂಚೆ ಚಿಂದಿ ಮಾಡಿದ. ಎರಡನೆಯ ತಿಂಗಳು ನೀಲಿ ಜಾಸ್ತಿ ಹಾಕಿ ಹೆಣದಂತೆ ಓಡಾಡಿದ. ಆಮೇಲೆ ಕೈ ಹದಕ್ಕೆ ಬಂತು. ಒದ್ದೆ ಬಂಡೆಯಲ್ಲಿ ಈಗಲೂ ಅವನ ಮುಖ ಕಾಣುತ್ತಿತ್ತು. ಪ್ರತಿ ಏಟಿಗೂ ಅಲ್ಲಾಡಿ ಮತ್ತೆ ಕೂಡಿಕೊಳ್ಳುತ್ತಿತ್ತು.

ವರ್ಷ ಮುಗಿಯುವ ದಿನ ಅವನು ತನ್ನ ಶಲ್ಯವನ್ನು ತಂದ. ಒಗೆಯುವವಳು ಬಂಡೆಯ ಇನ್ನೊಂದು ತುದಿಯಲ್ಲಿದ್ದಳು.

“ಇವತ್ತಾದರೂ ನಿಜ ಹೇಳಮ್ಮ. ಏನಿತ್ತು?”

“ಇರುವೆ, ಕಪ್ಪೆ, ಮೀನು, ಕಾಗೆ, ಕತ್ತೆ.”

ಯಜಮಾನ ಶಲ್ಯವನ್ನು ನೀರಿನಲ್ಲಿ ಅದ್ದಿ ಎತ್ತಿದ. ಇನ್ನೊಮ್ಮೆ ಅದ್ದಿದ.

“ನನ್ನ ಹತ್ತಿರ ಎರಡು ಕಪ್ಪೆ ಇತ್ತು” ಎಂದ.

ಒಗೆಯುವವಳ ಕೈಯಲ್ಲಿದ್ದ ಬಟ್ಟೆ ಗಾಳಿಯಲ್ಲಿಯೇ ನಿಂತಿತು. ಎರಡು ಕಪ್ಪೆಗಳು ಆ ದಿನ ‘ತೋರು’ ಎಂದಿದ್ದರೆ ಸಾಕಿತ್ತು. ಈ ಬಂಡೆ ಇಷ್ಟು ಹೊತ್ತಿಗೆ ಮೀಸೆ ತಿರುವಿಕೊಂಡು ಊರ ನಡುವೆ ನಿಂತಿರುತ್ತಿತ್ತು. ಬಟ್ಟೆ ಕೆಳಗಿಳಿಯಿತು, ಬಂಡೆ ಸದ್ದು ಮಾಡಿತು.

“ಎಡಗಡೆ ಅಂಚು ಚೆನ್ನಾಗಿ ಹಿಂಡಿ ಯಜಮಾನರೇ” ಎಂದಳು. “ನಿಮಗೆ ಅಭ್ಯಾಸವಿದೆ.”